ಮಮದಾಪುರದ ರ್ಯಾಂಗ್ಲರ್ : ಡಾ. ಡಿ. ಸಿ. ಪಾವಟೆ

ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಣೆಕಟ್ಟು ಬಂದ ಮೇಲೆ, ಸುಮ್ಮನೆ ಹರಿದುಹೋಗುತ್ತಿದ್ದ ನೀರು ನಮ್ಮ ಹೊಲಗಳಿಗೆ ತಿರುಗಿತು. ದೂರದಲ್ಲಿದ್ದ ಉಚ್ಚ ಶಿಕ್ಷಣವನ್ನೂ ಹೀಗೆಯೇ ನಮ್ಮ ಬಾಗಿಲಿಗೆ ತಿರುಗಿಸಿದ ಹಿರಿಯರಿದ್ದಾರೆ. ಅವರಲ್ಲಿ ನಮ್ಮ ಗೋಕಾಕ ತಾಲೂಕಿನವರೇ ಆದ ಡಾ. ದಾದಪ್ಪ ಚಿಂತಪ್ಪ ಪಾವಟೆಯವರನ್ನು ನಾವು ಮರೆಯುವಂತಿಲ್ಲ.

ಪಾವಟೆಯವರು 1899ನೆಯ ಇಸವಿಯ ಆಗಸ್ಟ್ 2ರಂದು ಮಮದಾಪುರದಲ್ಲಿ ಜನಿಸಿದರು. ಆಗ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಪದವಿ ಬೇಕೆಂದವರು ಪುಣೆ, ಮುಂಬಯಿಗಳ ದಾರಿ ಹಿಡಿಯಬೇಕಾಗುತ್ತಿತ್ತು. ಆ ಖರ್ಚನ್ನು ಹೊರುವ ಶಕ್ತಿ ಹಳ್ಳಿಯ ಎಷ್ಟು ಮನೆಗಳಿಗಿದ್ದೀತು? ಧಾರವಾಡದಲ್ಲಿ ಸರಕಾರವು ಕರ್ನಾಟಕ ಕಾಲೇಜನ್ನು ತೆರೆದದ್ದು 1917ರಲ್ಲಿ. ಪಾವಟೆಯವರು ಕಾಲೇಜಿನ ವಯಸ್ಸಿಗೆ ಬರುವ ಹೊತ್ತಿಗೆ ಆ ಬಾಗಿಲು ತೆರೆದಿದ್ದುದು ಅವರ ಭಾಗ್ಯ. ತೆರೆದ ಬಾಗಿಲನ್ನು ಹೊಕ್ಕದ್ದು ಅವರ ಛಲ.

ಅಲ್ಲಿಂದ ಅವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೋಗಿ, ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತವನ್ನು ಅಭ್ಯಸಿಸಿದರು. ಅಲ್ಲಿಯ ಗಣಿತದ ಪದವಿ ಪರೀಕ್ಷೆಯಲ್ಲಿ ಪ್ರಥಮ ವರ್ಗ ಪಡೆದವರಿಗೆ ರ್ಯಾಂಗ್ಲರ್ ಎಂದು ಹೆಸರು. ಆ ಬಿರುದು ಮಮದಾಪುರದ ಹುಡುಗನಿಗೆ ದೊರೆಯಿತು.

ವಿದ್ಯೆ ಗಳಿಸಿ ದೂರದಲ್ಲೇ ನೆಲೆಸುವವರು ಬಹಳ. ಪಾವಟೆಯವರು ಹಾಗೆ ಮಾಡಲಿಲ್ಲ. ತಾಯ್ನಾಡಿಗೆ ಮರಳಿ ಅಧ್ಯಾಪಕರಾದರು. ಶಿಕ್ಷಣ ಇಲಾಖೆಯಲ್ಲಿ ಮೇಲೇರಿ ಮುಂಬಯಿ ರಾಜ್ಯದ ಶಿಕ್ಷಣ ನಿರ್ದೇಶಕರ ಪದವಿಯನ್ನು ವಹಿಸಿದರು.

ಆದರೆ ಅವರ ಜೀವಿತದ ಮುಖ್ಯ ಕಾರ್ಯ ನಡೆದದ್ದು ಧಾರವಾಡದಲ್ಲಿ. ಕರ್ನಾಟಕ ವಿಶ್ವವಿದ್ಯಾಲಯವು 1949ರ ಕಾಯದೆಯಿಂದ ಹುಟ್ಟಿತು. 1954ರಲ್ಲಿ ಪಾವಟೆಯವರು ಅದರ ಕುಲಪತಿಗಳಾದಾಗ ಅದಿನ್ನೂ ಎಳೆಯ ಕೂಸು. 1967ರವರೆಗೆ, ಹದಿಮೂರು ವರುಷ, ಅವರು ಅದನ್ನು ಸಾಕಿ ಬೆಳೆಸಿದರು. ಛೋಟಾ ಮಹಾಬಳೇಶ್ವರವೆಂಬ ಬೋಳು ಗುಡ್ಡದ ಮೇಲೆ ಭವ್ಯ ಕಟ್ಟಡಗಳು ಎದ್ದವು. ಸ್ನಾತಕೋತ್ತರ ವಿಭಾಗಗಳು ಬೆಳೆದವು. 1956ರಲ್ಲಿ ರಾಜ್ಯವು ಒಂದಾದ ಬಳಿಕ ಕಲಬುರ್ಗಿ, ಬೀದರ, ರಾಯಚೂರುಗಳ ವಿದ್ಯಾರ್ಥಿಗಳಿಗೂ ಅದೇ ಆಸರೆಯಾಯಿತು. ಇಂದು ಆ ಗುಡ್ಡಕ್ಕೆ ಪಾವಟೆ ನಗರವೆಂದೇ ಹೆಸರು.

1967ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. ಅದೇ ವರುಷ ಪಂಜಾಬದ ರಾಜ್ಯಪಾಲರಾಗಿ, 1973ರವರೆಗೆ ಆ ಭಾರವನ್ನು ಹೊತ್ತರು. 1979ರಲ್ಲಿ ದಿವಂಗತರಾದರು. ಅವರ ಹೆಸರಿನ ಫೆಲೋಶಿಪ್ಪಿನಿಂದ ಕೇಂಬ್ರಿಜ್ಜಿನ ದಾರಿ ನಮ್ಮವರಿಗೆ ಮತ್ತೆ ತೆರೆಯಿತು.

ವಿಶ್ವವಿದ್ಯಾಲಯವು ಇನ್ನೂ ಹತ್ತಿರಕ್ಕೆ ಬಂದಿದೆ. ಧಾರವಾಡದ ಬೆಳಗಾವಿ ಕೇಂದ್ರವೇ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹುಡುಗ ಹುಡುಗಿಯರು ಮನೆಯ ರೊಟ್ಟಿ ಕಟ್ಟಿಕೊಂಡು, ಬಸ್ಸು ಹತ್ತಿ ಹೋಗಿ ಪದವಿ ಪಡೆಯಬಹುದು. ದಾರಿ ಗಿಡ್ಡದಾಯಿತು. ಆದರೆ ದಾರಿ ಗಿಡ್ಡದಾದಷ್ಟೂ ನಮ್ಮ ನಡಿಗೆ ಮಂದವಾಗುತ್ತಿದೆಯೋ ಏನೋ! ಗಣಿತವೆಂದರೆ ಹೆದರುವವರು, ಹಳ್ಳಿಯವರಿಂದ ಇದು ಆಗದೆಂದು ಮೊದಲೇ ಕೈಚೆಲ್ಲುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಥವರು ಒಮ್ಮೆ ಮಮದಾಪುರದ ಕಡೆಗೆ ನೋಡಲಿ. ಕಾಲುವೆಗೆ ನೀರು ಬಂದರಷ್ಟೇ ಸಾಲದು. ಉತ್ತು ಬಿತ್ತುವ ಕೆಲಸ ಒಕ್ಕಲಿಗನದೇ.