ಸೊನ್ನಲಿಗೆಯ ಸಿದ್ಧರಾಮ

12ನೆಯ ಶತಮಾನದಲ್ಲಿ ನಮ್ಮ ಸೊಲ್ಲಾಪುರದ ಹೆಸರು ಸೊನ್ನಲಿಗೆ. ಮುದ್ದಗೌಡ-ಸುಗ್ಗಲೆಯರ ಮಗನಾದ ಸಿದ್ಧರಾಮನು ಬಾಲ್ಯದಲ್ಲಿಯೇ ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲಕ್ಕೆ ಹೋದನೆಂದು ರಾಘವಾಂಕನ ಕಾವ್ಯವು ಹೇಳುತ್ತದೆ. ಮರಳಿದವನು ಕಪಿಲಸಿದ್ಧ ಮಲ್ಲಿಕಾರ್ಜುನನ ಗುಡಿ ಕಟ್ಟಿಸಿದನು, ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದನು, ಕೆರೆ ತೋಡಿಸಿದನು. ಕಾಂಬೋಡಿಯದ ಅಂಗ್ಕೋರಿನಲ್ಲಿ ಗುಡಿ-ಕೆರೆಗಳು ಅರಸರ ಆಜ್ಞೆಯಿಂದ ಎದ್ದವು. ಇಲ್ಲಿ ಭಕ್ತರ ದುಡಿಮೆಯಿಂದ.

ಕೆರೆಯ ಕೆಲಸ ನಡೆದಿರುವಾಗಲೇ ಅಲ್ಲಮಪ್ರಭು ಬಂದನು. ಕಲ್ಲು-ಮಣ್ಣಿನಲ್ಲಿ ಮುಳುಗಿ ತನ್ನನ್ನೇ ಮರೆತವನೆಂದು ಹಳಿದನಂತೆ. ಕಟ್ಟುವವನಿಗೆ ಇದಕ್ಕಿಂತ ಕಠಿನವಾದ ಮಾತುಂಟೆ? ಮೊದಲು ಕೆರಳಿದ ಸಿದ್ಧರಾಮನು ಕೊನೆಗೆ ಅವನೊಡನೆ ಕಲ್ಯಾಣಕ್ಕೆ ನಡೆದು, ಚೆನ್ನಬಸವಣ್ಣನಿಂದ ಇಷ್ಟಲಿಂಗ ಪಡೆದನು. ಗುಡಿಯ ದೇವರನ್ನು ಮಾತ್ರ ಬಿಡಲಿಲ್ಲ. ಆ ಹೆಸರೇ ಅವನ ವಚನಗಳ ಅಂಕಿತ. ಸಮಾಧಿಯೂ ಸೊನ್ನಲಿಗೆಯಲ್ಲಿಯೇ. ಸಂಕ್ರಾಂತಿಯ ಗಡ್ಡಾ ಯಾತ್ರೆಗೆ ಅಕ್ಕಲಕೋಟೆಯ ಕನ್ನಡಿಗರೂ ಮರಾಠಿ, ತೆಲುಗು ಮಾತಿನವರೂ ಆ ಕೆರೆಯ ದಂಡೆಯಲ್ಲಿ ಇಂದಿಗೂ ಸೇರುತ್ತಾರೆ.