ನಿದ್ರೆಯ ಕಾವಲುಗಾರನನ್ನು ಕಂಡ ವೈದ್ಯ

ಕನಸು ಬಿದ್ದರೆ ಅದರ ಶುಭಾಶುಭ ಫಲವನ್ನು ವಿಚಾರಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ವಾಡಿಕೆ. ಕನಸು ತಿಳಿಸುವುದು ನಾಳೆಯ ಸಂಗತಿಯನ್ನಲ್ಲ, ಕಂಡವನ ಮನಸ್ಸನ್ನು ಎಂದು ಸಾಧಿಸಹೊರಟ ಸಿಗ್ಮಂಡ್ ಫ್ರಾಯ್ಡನ ಜೀವನವನ್ನು ನಾವು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

1856ರ ಮೇ 6ರಂದು ಮೊರೇವಿಯ ಪ್ರಾಂತದ ಫ್ರೈಬರ್ಗ್ ಎಂಬ ಸಣ್ಣ ಊರಿನಲ್ಲಿ, ಯೆಹೂದಿ ಉಣ್ಣೆ ವ್ಯಾಪಾರಿಯ ಮಗನಾಗಿ ಫ್ರಾಯ್ಡನು ಜನಿಸಿದನು. ವ್ಯಾಪಾರ ಕುಸಿಯಲು, ಕುಟುಂಬವು ಹುಟ್ಟೂರನ್ನು ತೊರೆದು 1860ರಲ್ಲಿ ವಿಯೆನ್ನಾ ನಗರವನ್ನು ಸೇರಿತು. 1881ರಲ್ಲಿ ವೈದ್ಯಪದವಿ ಪಡೆದ ಆತನು ನರರೋಗಗಳ ಚಿಕಿತ್ಸೆಯಲ್ಲಿ ತೊಡಗಿದನು. ರೋಗಿಗಳು ತಮ್ಮ ಕಷ್ಟಗಳೊಡನೆ ಕನಸುಗಳನ್ನೂ ಹೇಳಿಕೊಳ್ಳುತ್ತಿದ್ದರು. ಆತನು ಗಮನವಿಟ್ಟು ಕೇಳಿದನು. 1896ರಲ್ಲಿ ತಂದೆ ತೀರಿಕೊಂಡ ಬಳಿಕ ತನ್ನ ಕನಸುಗಳನ್ನೇ ಇನ್ನಷ್ಟು ಆಳವಾಗಿ ಶೋಧಿಸಿದನು.

ಹಗಲು ಈಡೇರದ ಬಯಕೆ ಇರುಳಿನಲ್ಲಿ ವೇಷ ಮರೆಸಿ ಬರುತ್ತದೆ. ಕನಸು ನಿದ್ರೆಯ ಶತ್ರುವಲ್ಲ, ಕಾವಲುಗಾರ: ಇದು ಆತನ ಸಿದ್ಧಾಂತ. ಉಪ್ಪಿನ ಪದಾರ್ಥವನ್ನು ತಿಂದು ಮಲಗಿದ ರಾತ್ರಿ ನೀರು ಕುಡಿಯುವ ಕನಸು ತನಗೆ ಬೀಳುವುದನ್ನು ಆತನು ಗಮನಿಸಿದ್ದನು. ಹೊಟ್ಟೆ ಕೆಟ್ಟು ದಿನವೆಲ್ಲ ಉಪವಾಸವಿದ್ದ ಆತನ ಎಳೆಯ ಮಗಳು ನಿದ್ರೆಯಲ್ಲಿ ಹಣ್ಣುಗಳ ಹೆಸರನ್ನು ಕನವರಿಸಿದಳು. ಬೆಳಗ್ಗೆ ಎಬ್ಬಿಸಿದರೂ ಏಳಲೊಲ್ಲದ ತರುಣ ವೈದ್ಯನೊಬ್ಬನು, ತಾನು ಆಗಲೇ ಆಸ್ಪತ್ರೆಯಲ್ಲಿರುವಂತೆ ಕನಸು ಕಂಡು ಮತ್ತೆ ಮಗ್ಗುಲಾದನು. ನಸುಕಿನಲ್ಲೇ ಎದ್ದು ಒಲೆ ಹೊತ್ತಿಸಬೇಕಾದ ನಮ್ಮ ಬಂಧುಗಳಿಗೆ ಈ ಕನಸನ್ನು ವಿವರಿಸಬೇಕಾಗಿಲ್ಲ.

ಈ ವಿಚಾರಗಳ ಗ್ರಂಥವು 1899ರ ನವೆಂಬರಿನಲ್ಲಿ ಹೊರಬಂದಿತು. ಅಚ್ಚಾದ 600 ಪ್ರತಿಗಳು ಮಾರಾಟವಾಗಲು ಎಂಟು ವರ್ಷ ಹಿಡಿಯಿತು. ಆದರೂ ಆತನು ಧೃತಿಗೆಡಲಿಲ್ಲ. ಕ್ರಮೇಣ ಆತನ ಕೀರ್ತಿ ದೇಶದೇಶಗಳಿಗೆ ಹಬ್ಬಿತು. 1922ರಲ್ಲಿ ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸರು ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು.

ಕೊನೆಗಾಲವು ಕಠೋರವಾಗಿತ್ತು. 1923ರಲ್ಲಿ ಬಾಯಿಯಲ್ಲಿ ಅರ್ಬುದ ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆಗಳು ಮೂವತ್ತನ್ನು ಮೀರಿದವು. 1938ರಲ್ಲಿ ನಾಜಿಗಳು ವಿಯೆನ್ನಾವನ್ನು ಆಕ್ರಮಿಸಿದಾಗ ಎಂಬತ್ತೆರಡರ ವೃದ್ಧನು ಲಂಡನ್ನಿಗೆ ವಲಸೆ ಹೋದನು. ಮರುವರ್ಷ ಸೆಪ್ಟೆಂಬರ್ 23ರಂದು ಅಲ್ಲಿಯೇ ನಿಧನನಾದನು. ಹಿಂದುಳಿದ ನಾಲ್ವರು ಸಹೋದರಿಯರು ನಾಜಿಗಳ ಶಿಬಿರಗಳಿಗೆ ಬಲಿಯಾದರು.

1953ರಲ್ಲಿ ಷಿಕಾಗೋದ ಸಂಶೋಧಕರು, ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗಳು ವೇಗವಾಗಿ ಚಲಿಸುವ ನಿದ್ರಾವಸ್ಥೆಯನ್ನು ಪ್ರಕಟಿಸಿದರು. ಆ ಹೊತ್ತಿನಲ್ಲಿ ಎಬ್ಬಿಸಿದವರಲ್ಲಿ ಹೆಚ್ಚಿನವರು ಕನಸನ್ನು ವರ್ಣಿಸಿದರು. ಈ ಅವಸ್ಥೆಯು ರಾತ್ರಿಯಲ್ಲಿ ಹಲವು ಬಾರಿ ತಾನಾಗಿಯೇ ಮರುಕಳಿಸುವುದರಿಂದ, ಎಲ್ಲ ಕನಸಿಗೂ ಬಯಕೆಯೇ ಮೂಲವೆಂಬ ಫ್ರಾಯ್ಡನ ವಾದವನ್ನು ಇಂದಿನ ವಿಜ್ಞಾನಿಗಳಲ್ಲಿ ಹಲವರು ಒಪ್ಪುವುದಿಲ್ಲ. ಆದರೆ ಕನಸಿನ ಅರ್ಥವನ್ನು ಫಲಪುಸ್ತಕದಲ್ಲಿ ಹುಡುಕದೆ, ಕಂಡವನನ್ನೇ ಕೇಳಬೇಕೆಂಬ ಆತನ ಮಾರ್ಗವು ಎಂತಹ ಸಾಮಾನ್ಯನ ಮನಸ್ಸಿಗೂ ಗೌರವವನ್ನು ತಂದಿತು. ಅದಕ್ಕಾಗಿ ನಾವು ಆತನನ್ನು ಸ್ಮರಿಸುವುದು ಯೋಗ್ಯವಾಗಿದೆ.