ಶಂಕರ್‌ನಾಗ್ ಮತ್ತು ನೆಲದಡಿಯ ರೈಲು

ಬೆಂಗಳೂರಿನ ವಿಧಾನಸೌಧದ ಸಮೀಪದಲ್ಲಿ ಮೆಟ್ಟಿಲಿಳಿದು, ನೆಲದಡಿಯ ನಿಲ್ದಾಣದಲ್ಲಿ ರೈಲಿಗಾಗಿ ಕಾಯುವ ತರುಣರಲ್ಲಿ ಎಷ್ಟೋ ಮಂದಿ, ತಾವು ಹುಟ್ಟುವುದಕ್ಕೆ ಮೊದಲೇ ಆ ರೈಲು ಒಬ್ಬ ನಟನ ಮನಸ್ಸಿನಲ್ಲಿ ಓಡಿತ್ತೆಂಬುದನ್ನು ಅರಿಯರು. ಆ ನಟ ಶಂಕರ್‌ನಾಗ್.

ಅವರು ಜನಿಸಿದುದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಮಲ್ಲಾಪುರದಲ್ಲಿ. ಮುಂಬಯಿಗೆ ಹೋಗಿ ಮರಾಠಿ ರಂಗಭೂಮಿಯಲ್ಲಿ ಪಳಗಿದರು. ಲೋಕಲ್ ರೈಲು ಒಂದು ತಾಸು ನಿಂತರೆ ಆ ಮಹಾನಗರದ ಬದುಕೇ ನಿಲ್ಲುತ್ತದೆ. 1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಗಂಡುಗಲಿಯ ಪಾತ್ರ ಅವರನ್ನು ಕನ್ನಡಕ್ಕೆ ಮರಳಿಸಿತು. ಮುಂದಿನ 12 ವರ್ಷಗಳಲ್ಲಿ ಅವರು ಮಾಡಿದ ಕೆಲಸ ಬೆರಗು ಹುಟ್ಟಿಸುವಂಥದು. ‘ಮಿಂಚಿನ ಓಟ’, ‘ಆಕ್ಸಿಡೆಂಟ್’ ಚಿತ್ರಗಳನ್ನು ನಿರ್ದೇಶಿಸಿದರು. ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರಿಸಿದರು. ಬೆಂಗಳೂರಿನಲ್ಲಿ ‘ಸಂಕೇತ್’ ಧ್ವನಿಮುದ್ರಣ ಕೇಂದ್ರವನ್ನು ಕಟ್ಟಿದರು. ‘ಆಟೋ ರಾಜ’ ಚಿತ್ರವನ್ನು ಮೆಚ್ಚಿದ ಚಾಲಕರು ಇಂದಿಗೂ ತಮ್ಮ ರಿಕ್ಷಾಗಳ ಮೇಲೆ ಅವರ ಭಾವಚಿತ್ರವನ್ನು ಅಂಟಿಸಿಕೊಳ್ಳುತ್ತಾರೆ.

ಆದರೆ ನಟನೆಯೊಂದೇ ಅವರಿಗೆ ಸಾಲಲಿಲ್ಲ. ನಂದಿಬೆಟ್ಟಕ್ಕೆ ಹಗ್ಗದ ದಾರಿ ಬೇಕೆಂದರು. ಬೆಂಗಳೂರಿಗೆ ನೆಲದಡಿಯ ರೈಲು ಬೇಕೆಂದರು. ಲಂಡನ್ ನಗರ 1863ರಲ್ಲಿಯೇ ಇಂಥ ರೈಲನ್ನು ಕಂಡಿತ್ತು. ನಮ್ಮ ದೇಶದಲ್ಲಿ ಮೊದಲನೆಯದು ಕಲ್ಕತ್ತದಲ್ಲಿ 1984ರಲ್ಲಿ ಓಡಿತು. 1981ರ ಜನಗಣತಿಯಂತೆ ಸುಮಾರು 29 ಲಕ್ಷ ಜನರಿದ್ದ ಬೆಂಗಳೂರಿನಲ್ಲಿ ಬೀದಿಗಳಿನ್ನೂ ನೆರಳಿನವು. ರೋಗ ಕಾಣುವ ಮೊದಲೇ ಔಷಧ ಹೇಳುವವನನ್ನು ಯಾರು ನಂಬುತ್ತಾರೆ? ಲಂಡನ್ನಿನ ರೈಲನ್ನು ಅಭ್ಯಸಿಸಿ, ಬೆಂಗಳೂರಿನ ಯೋಜನೆಯನ್ನು ಶಂಕರ್ ಸರ್ಕಾರದ ಗಮನಕ್ಕೆ ತಂದರೆಂದು ಅವರ ನಿಕಟವರ್ತಿಗಳು ನೆನೆಯುತ್ತಾರೆ. ಯೋಜನೆ ಮುಂದುವರಿಯಲಿಲ್ಲ. ಆಗ ತಡೆದದ್ದು ಹಣವೋ, ಹಿಂಜರಿಕೆಯೋ? ನನಗಂತೂ ಎರಡನೆಯದೇ ಹೆಚ್ಚೆನಿಸುತ್ತದೆ.

1990ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ‘ಜೋಕುಮಾರಸ್ವಾಮಿ’ ಚಿತ್ರಕ್ಕಾಗಿ ಲೋಕಾಪುರದತ್ತ ಹೊರಟಿದ್ದ ಅವರ ಕಾರು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೀಡಾಯಿತು. ಅವರಿಗಿನ್ನೂ 36 ತುಂಬಿರಲಿಲ್ಲ. ಜನರ ಪ್ರಯಾಣ ಸುಗಮವಾಗಬೇಕೆಂದು ಚಿಂತಿಸಿದವರನ್ನು ರಸ್ತೆಯೇ ಬಲಿ ತೆಗೆದುಕೊಂಡಿತು. ಅದೇ ಪುಣೆ–ಬೆಂಗಳೂರು ರಸ್ತೆ ಹುಬ್ಬಳ್ಳಿಯನ್ನು ದಾಟಿ ನಮ್ಮ ಸತ್ತೂರನ್ನು ಹಾದು ಧಾರವಾಡಕ್ಕೆ ಬರುತ್ತದೆ. ಈಗ ಅಲ್ಲಿ ಚಿಗರಿ ಬಸ್ಸುಗಳು ತಮಗೆಂದೇ ಮೀಸಲಾದ ಪಥದಲ್ಲಿ ಓಡುತ್ತವೆ.

ಅನಂತರ ಅಣ್ಣ ಅನಂತ್‌ನಾಗ್ ಬೆಂಗಳೂರು ನಗರಾಭಿವೃದ್ಧಿ ಸಚಿವರಾದರು. ಆಗಲೂ ರೈಲು ಬರಲಿಲ್ಲ. 2006ರಲ್ಲಿ ಮೆಟ್ರೋಗೆ ಅಡಿಗಲ್ಲು ಬಿದ್ದಿತು. 2011ರಲ್ಲಿ ಓಡಿದ ಮೊದಲ ರೈಲು ಕಂಬಗಳ ಮೇಲಿನದು. ನೆಲದಡಿಯಲ್ಲಿ ಒಂದೆಡೆ ಗಟ್ಟಿ ಬಂಡೆ, ಮತ್ತೊಂದೆಡೆ ಸಡಿಲ ಮಣ್ಣು. ಕೊರೆಯುವ ಯಂತ್ರಗಳು ನಡುದಾರಿಯಲ್ಲಿ ಕೆಟ್ಟು ನಿಂತದ್ದೂ ಉಂಟು. ಕೊನೆಗೆ 2016ರ ಏಪ್ರಿಲ್‌ನಲ್ಲಿ, ಕಬ್ಬನ್ ಉದ್ಯಾನದ ಅಂಚಿನಿಂದ ಮಾಗಡಿ ರಸ್ತೆಯವರೆಗೆ, ಸುಮಾರು 4.8 ಕಿಲೋಮೀಟರ್ ಸುರಂಗದಲ್ಲಿ ರೈಲು ಸಂಚರಿಸಿತು. ಶಂಕರ್ ಬದುಕಿದ್ದರೆ ಆಗ ಅವರಿಗೆ 61 ವರ್ಷ.